ಮಿಂದ ಕಾಗೆ: ನೀರುಕಾಗೆಯ ಹೆಸರಿನ ಜಾಡು

(ಕುಂಬಳೆ ಸಮೀಪದ ವಾಚನಾಲಯವೊಂದರಲ್ಲಿ ನೀಡಿದ ಉಪನ್ಯಾಸದ ಬರಹರೂಪ)

ಮೊದಲು ಒಂದು ಪ್ರಶ್ನೆ. ಕಾಗೆಗೆ ನಿಮ್ಮ ನಿಮ್ಮ ಮನೆಯಲ್ಲಿ ಏನು ಹೇಳುತ್ತೀರಿ? ಸರಿ, ಬಂತು ನೋಡಿ: ಕಾಗೆ, ಹವ್ಯಕರ ಕಾಕೆ, ತುಳುವಿನ ಕಕ್ಕೆ, ಮಲಯಾಳದ ಕಾಕ್ಕ, ಕೊಂಕಣಿಯ ಕಾಯ್ಳೊ, ಮರಾಠಿಯ ಕಾವಳಾ. ಕಾಸರಗೋಡಿನಲ್ಲಿ ಒಂದು ಹಕ್ಕಿಯ ಹೆಸರು ಕೇಳಿದರೆ ಒಂದೇ ಉತ್ತರ ಸಿಕ್ಕುವುದುಂಟೇ!

ಈಗ ಎರಡನೆಯ ಪ್ರಶ್ನೆ. ಕೆರೆಯಲ್ಲೋ ಹೊಳೆಯಲ್ಲೋ ಅಳಿವೆಯ ಹತ್ತಿರವೋ ಕಪ್ಪನೆಯ ಒಂದು ಹಕ್ಕಿ ಮುಳುಗುತ್ತದೆ. ಇಲ್ಲೇ ಏಳುತ್ತದೆ ಎಂದು ನಾವು ಕಾಯುತ್ತೇವೆ, ಅದು ಎಲ್ಲೋ ಆಚೆ ತಲೆ ಎತ್ತುತ್ತದೆ. ಆಮೇಲೆ ಒಂದು ಗೂಟದ ಮೇಲೆ ಹತ್ತಿ ಎರಡೂ ರೆಕ್ಕೆ ಬಿಡಿಸಿ ಬಿಸಿಲಿಗೆ ಕೂರುತ್ತದೆ. ಅದಕ್ಕೆ ಏನು ಹೆಸರು? ನೀರುಕಾಗೆ, ನೀರ್‌ಕಕ್ಕೆ, ನೀರ್‌ಕಾಕ್ಕ. ಮರಾಠಿ ಮನೆಮಾತಿನವರಿಗೆ ಪಾಣಕಾವಳಾ. ಭಾಷೆ ಬದಲಾಯಿತು, ಹೆಸರು ಬದಲಾಗಲಿಲ್ಲ. ಎಲ್ಲರೂ ಮೊದಲು ನೀರು ಎಂದರು, ಅದರ ಬೆನ್ನಿಗೆ ಕಾಗೆ ಎಂದರು.

ಇದರಲ್ಲೇನು ವಿಶೇಷ, ಒಂದೇ ಊರಿನಲ್ಲಿ ಇದ್ದವರು ಒಬ್ಬರಿಂದೊಬ್ಬರು ಕಲಿತಿರಬಹುದು ಎಂದು ನೀವು ಹೇಳಬಹುದು. ಒಪ್ಪೋಣ. ತಮಿಳಿನಲ್ಲಿ ನೀರ್‌ಕಾಗಮ್, ತೆಲುಗಿನಲ್ಲಿ ನೀಟಿಕಾಕಿ, ಹಿಂದಿಯಲ್ಲಿ ಪನಕೌವಾ, ಬಂಗಾಳಿಯಲ್ಲಿ ಪಾನಕೌಡಿ, ಸಂಸ್ಕೃತದಲ್ಲಿ ಜಲಕಾಕ. ಇದನ್ನೂ ನೆರೆಹೊರೆಯ ಕೊಡುಕೊಳ್ಳುವಿಕೆ ಎಂದೇ ಇಟ್ಟುಕೊಳ್ಳೋಣ. ಆದರೆ ಇಲ್ಲಿಂದ ಸಮುದ್ರ ದಾಟಿ ನೋಡಿ. ಪೋರ್ಚುಗೀಸರು ಈ ಹಕ್ಕಿಗೆ ಕೊರ್ವೊ ಮರೀನ್ಯೊ ಎನ್ನುತ್ತಾರೆ, ಎಂದರೆ ಕಡಲಿನ ಕಾಗೆ. ಫ್ರಾನ್ಸಿನ ಪಶ್ಚಿಮ ಮೂಲೆಯ ಬ್ರೆಟನ್ ಭಾಷೆಯಲ್ಲಿ ಮೋರ್‌ವ್ರಾನ್, ವೇಲ್ಸಿನವರ ಭಾಷೆಯಲ್ಲಿ ಮೋರ್‌ವ್ರಾನ್‌ಗೆ ತೀರ ಹತ್ತಿರದ ಮಾತು. ‘ಮೋರ್’ ಎಂದರೆ ಕಡಲು, ‘ಬ್ರಾನ್’ ಎಂದರೆ ಕಾಗೆಯ ಜಾತಿಯ ದೊಡ್ಡ ಹಕ್ಕಿ. ಜರ್ಮನ್ನರ ಹಳೆಯ ಹೆಸರು ಜೇರಾಬೆ, ಅದೂ ಕಡಲ ಕಾಗೆಯೇ. ಚೀನಾದ ಆಡುಮಾತಿನಲ್ಲಿ ಶುಇ ಲಾವ್‌ಯಾ. ಶುಇ ಎಂದರೆ ನೀರು, ಲಾವ್‌ಯಾ ಎಂದರೆ ಕಾಗೆ. ಪೋರ್ಚುಗೀಸರ ಹಡಗು ಈ ಕರಾವಳಿಗೆ ಬಂದದ್ದು 1498ರಲ್ಲಿ. ಅವರಿಂದ ನಾವು ಚಾವಿ, ಪಾದ್ರಿ ಎಂಬ ಮಾತುಗಳನ್ನು ಪಡೆದದ್ದು ಹೌದು, ನೀರುಕಾಗೆಯನ್ನಲ್ಲ. ಕರಾವಳಿಯಿಂದ ನೂರಾರು ಹರದಾರಿ ಒಳಗಿರುವ ಊರುಗಳಲ್ಲೂ ಅದೇ ಹೆಸರು ಇರುವಾಗ ಹಡಗಿಗೆ ಅದರ ಕೀರ್ತಿ ಕೊಡುವ ಹಾಗಿಲ್ಲ. ಒಬ್ಬರನ್ನೊಬ್ಬರು ನೋಡದ ಜನ, ತಂತಮ್ಮ ನೀರಿನ ಬದಿಯಲ್ಲಿ ನಿಂತು, ಆ ಹಕ್ಕಿಯನ್ನು ನೋಡಿ ಒಂದೇ ಹೆಸರಿಗೆ ಬಂದು ಮುಟ್ಟಿದ್ದಾರೆ. ಇವತ್ತು ನನ್ನ ಮಾತು ಇರುವುದು ಅದು ಹೇಗೆ ಎಂಬುದರ ಬಗ್ಗೆ.

ಶಾಲೆಯ ಪುಸ್ತಕದಲ್ಲಿ, ಟಿವಿಯಲ್ಲಿ ನೀವು ಕೇಳಿರುವ ಇಂಗ್ಲಿಷ್ ಹೆಸರು ಕಾರ್ಮೊರಂಟ್. ಕೇಳುವುದಕ್ಕೆ ಏನೋ ದೊಡ್ಡ ಶಾಸ್ತ್ರೀಯ ಹೆಸರಿನ ಹಾಗಿದೆ. ಬಿಡಿಸಿದರೆ ಒಳಗಿರುವುದು ಅದೇ ಕಾಗೆ. ಲ್ಯಾಟಿನ್ನಿನ ‘ಕೊರ್ವುಸ್ ಮರೀನುಸ್’, ಕಡಲಿನ ಕಾಗೆ, ಹಳೆಯ ಫ್ರೆಂಚಿನ ಬಾಯಲ್ಲಿ ಸವೆದು ಕೊರ್ಮರಾನ್ ಆಯಿತು, ಇಂಗ್ಲಿಷಿಗೆ ಬಂದಾಗ ಬಾಲಕ್ಕೆ ಒಂದು ‘ಟ್’ ಸೇರಿಕೊಂಡಿತು. ಆ ಟಕಾರ ಎಲ್ಲಿಂದ ಬಂತು? ಎಲ್ಲಿಂದಲೂ ಅಲ್ಲ. ಫ್ರೆಂಚಿನಿಂದ ಬಂದ ಇಂಥ ಕೆಲವು ಮಾತುಗಳಿಗೆ ಇಂಗ್ಲಿಷರು ಸುಮ್ಮನೆ ಅದನ್ನು ಅಂಟಿಸಿದ್ದಾರೆ. ಟೈರಂಟ್, ಫೆಸೆಂಟ್, ಪೆಸೆಂಟ್ ಎಲ್ಲದರ ಬಾಲವೂ ಹಾಗೆ ಬಂದದ್ದೇ.

ಆಮೇಲೆ ಒಂದು ತಮಾಷೆ ಆಯಿತು. ಇಂಗ್ಲಿಷ್ ಪಂಡಿತರು ಕೆಲವರಿಗೆ ಈ ‘ಮೊರಂಟ್’ ಏನೆಂದು ತಿಳಿಯಲಿಲ್ಲ. ಲ್ಯಾಟಿನ್ನಿನಲ್ಲಿ ‘ವೊರಾನ್ಸ್’ ಎಂದರೆ ನುಂಗುವಂಥದು. ಈ ಹಕ್ಕಿ ಮೀನನ್ನು ಇಡಿಯಾಗಿ ನುಂಗುತ್ತದಲ್ಲ, ಹಾಗಾದರೆ ಇದು ‘ನುಂಗುವ ಕಾಗೆ’ ಇರಬೇಕು ಎಂದುಕೊಂಡು ಅದನ್ನು ‘ಕಾರ್ವೊರಂಟ್’ ಎಂದೇ ಬರೆಯತೊಡಗಿದರು. ಅರ್ಥ ಹಕ್ಕಿಗೆ ಚೆನ್ನಾಗಿ ಹೊಂದುತ್ತಿತ್ತು. ಹೊಂದಿದ್ದೇ ಅದರ ದೋಷ. ಅರ್ಥ ಚೆಂದವಾಗಿ ಹೊಂದಿತೆಂದರೆ ಮೂಲವೂ ಅದೇ ಎಂದು ನಂಬಲು ನಮಗೆ ಬೇರೆ ಸಾಕ್ಷಿಯೇ ಬೇಡ.

ನಗಬೇಡಿ, ನಮ್ಮ ಊರಿನ ಹೆಸರಿಗೂ ಇದೇ ಆಗಿದೆ. ಕಾಸರಗೋಡು ಎಂದರೇನು ಎಂದು ಕೇಳಿದರೆ ಒಬ್ಬರು ‘ಕಾಸಾರ’ ಎಂದರೆ ಸರೋವರ, ‘ಕ್ರೋಡ’ ಎಂದರೆ ನಿಧಿ, ಎರಡೂ ಸೇರಿ ಕಾಸರಗೋಡು ಎನ್ನುತ್ತಾರೆ. ಕೇಳಲು ಎಷ್ಟು ಗಂಭೀರ! ಇನ್ನೊಬ್ಬರು, ಗುಡ್ಡೆಯಲ್ಲಿ ಕಾಸರಕನ ಮರ ಬೇಕಾದಷ್ಟು ಇತ್ತು, ಅದರಿಂದ ಊರಿಗೆ ಹೆಸರು ಬಂತು ಎನ್ನುತ್ತಾರೆ. ಕಾಸರಕ ಎಂದರೆ ಮಲಯಾಳದ ಕಾಂಞಿರಂ, ಬಾಯಿಗಿಟ್ಟರೆ ಕಹಿ, ಬೀಜ ವಿಷ. 2023ರಲ್ಲಿ ಜಿಲ್ಲೆಗೆಂದೇ ಒಂದು ಮರ, ಒಂದು ಹಕ್ಕಿ, ಒಂದು ಹೂವು, ಒಂದು ಆಮೆ ಆರಿಸಿದರಲ್ಲ, ಆಗ ಮರವಾಗಿ ಆರಿಸಿದ್ದು ಇದನ್ನೇ. ನನ್ನನ್ನು ಕೇಳಿದರೆ ನಾನು ಮರದ ಕಡೆ. ಊರಿಗೆ ಹೆಸರಿಡುವ ಜನ ಕಣ್ಣಿಗೆ ಬಿದ್ದದ್ದನ್ನು ಹಿಡಿಯುತ್ತಾರೆ, ಸಂಸ್ಕೃತ ಸಮಾಸ ಮಾಡಲು ಕೂರುವುದಿಲ್ಲ. ಹಕ್ಕಿಯ ಹೆಸರಿನಲ್ಲೂ ನನ್ನ ಅಳತೆಗೋಲು ಅದೇ.

ಜನಸಾಮಾನ್ಯರು ಕಪ್ಪಗೆ ಕಂಡದ್ದಕ್ಕೆಲ್ಲ ಕಾಗೆ ಎನ್ನಲಿ, ವಿಜ್ಞಾನಿಗಳು ಹಾಗೆ ಮಾಡಲಾರರು ಎಂದು ನೀವು ತಿಳಿದಿರಬಹುದು. ಸ್ವಾರಸ್ಯ ಇರುವುದು ಅಲ್ಲೇ. ಜೀವಿಗಳಿಗೆ ಶಾಸ್ತ್ರೀಯ ಹೆಸರಿಡುವ ಪದ್ಧತಿ ಹಾಕಿಕೊಟ್ಟ ಸ್ವೀಡನ್ನಿನ ಲಿನೇಯಸ್ 1758ರಲ್ಲಿ ದೊಡ್ಡ ನೀರುಕಾಗೆಯನ್ನು ಹೆಜ್ಜಾರ್ಲೆಯ, ಎಂದರೆ ಪೆಲಿಕನ್ ಹಕ್ಕಿಯ, ಗುಂಪಿಗೆ ಸೇರಿಸಿ ‘ಪೆಲೆಕಾನಸ್ ಕಾರ್ಬೊ’ ಎಂದ. ಕಾರ್ಬೊ ಎಂದರೆ ಇದ್ದಿಲು. ಆಮೇಲೆ ಈ ಹಕ್ಕಿಗಳಿಗೇ ಪ್ರತ್ಯೇಕ ಕುಲ ಮಾಡಿದಾಗ ಅದಕ್ಕೆ ಕೊಟ್ಟ ಹೆಸರು ‘ಫಾಲಾಕ್ರೊಕೊರಾಕ್ಸ್’. ಗ್ರೀಕಿನಲ್ಲಿ ‘ಫಾಲಾಕ್ರೋಸ್’ ಎಂದರೆ ಬೋಳುತಲೆಯವ, ‘ಕೊರಾಕ್ಸ್’ ಎಂದರೆ ಕಾಗೆಯ ಜಾತಿಯದು. ಬೋಳು ಕಾಗೆ! ಮರಿ ಮಾಡುವ ಕಾಲದಲ್ಲಿ ದೊಡ್ಡ ನೀರುಕಾಗೆಯ ತಲೆ, ಕುತ್ತಿಗೆಯ ಮೇಲೆ ಬಿಳಿಯ ನವಿರು ಗರಿಗಳು ಬರುತ್ತವೆ. ದೂರದಿಂದ ನೋಡಿದವನಿಗೆ ತಲೆ ಬೋಳಾದ ಹಾಗೆ ಕಂಡಿರಬೇಕು.

ಇನ್ನು ನಮ್ಮ ಕೆರೆಗಳಲ್ಲಿ, ಮಳೆಗೆ ತುಂಬುವ ಪಾರೆಯ ಪಳ್ಳಗಳಲ್ಲಿ ಕಾಣುವ ಸಣ್ಣ ನೀರುಕಾಗೆ. ಇದನ್ನು ವಿಜ್ಞಾನಕ್ಕೆ ಮೊದಲು ವಿವರಿಸಿದವನು ವಿಯೆಯೊ ಎಂಬ ಫ್ರೆಂಚ್ ಪಂಡಿತ, 1817ರಲ್ಲಿ. ಅವನು ಅದಕ್ಕೆ ಇಟ್ಟ ಹೆಸರು ‘ಹೈಡ್ರೊಕೊರಾಕ್ಸ್ ನೈಗರ್’. ಬಿಡಿಸಿ ನೋಡಿ. ಹೈಡ್ರೊ ನೀರು, ಕೊರಾಕ್ಸ್ ಕಾಗೆ, ನೈಗರ್ ಕಪ್ಪು. ಕಪ್ಪು ನೀರುಕಾಗೆ! ನಮ್ಮ ತೋಟದ ಕೆಲಸದವರು ಯಾವುದೇ ಪುಸ್ತಕ ನೋಡದೆ ಹೇಳುತ್ತಿದ್ದ ಹೆಸರನ್ನು ಪ್ಯಾರಿಸಿನವರು ಗ್ರೀಕ್ ಮತ್ತು ಲ್ಯಾಟಿನ್ ಸೇರಿಸಿ ಮತ್ತೆ ಮಾಡಿದರು. ಈಗ ಅದರ ಕುಲದ ಹೆಸರು ಬದಲಾಗಿ ‘ಮೈಕ್ರೊಕಾರ್ಬೊ ನೈಗರ್’ ಆಗಿದೆ. ಪುಟ್ಟ ಇದ್ದಿಲು, ಅದರ ಮೇಲೆ ಕಪ್ಪು. ಇದ್ದಿಲು ಎಂದ ಮೇಲೆ ಕಪ್ಪು ಎಂದು ಮತ್ತೆ ಯಾಕೆ ಹೇಳಬೇಕಿತ್ತೋ! ಹೋಗಲಿ, ಹೊಸ ಹೆಸರಿನಿಂದ ಕಾಗೆ ಹಾರಿಹೋಯಿತು, ಬಣ್ಣ ಮಾತ್ರ ಉಳಿಯಿತು.

ಹಾಗಾದರೆ ಇದು ಕಾಗೆಯ ಸಂಬಂಧಿಯೇ? ಅಲ್ಲವೇ ಅಲ್ಲ. ಯುರೋಪಿನಲ್ಲಿ ಹದಿನಾರನೆಯ ಶತಮಾನದವರೆಗೂ ಸಂಬಂಧ ಉಂಟೆಂಬ ನಂಬಿಕೆ ಇತ್ತು. ಆಂದ್ರೆ ತೆವೆ ಎಂಬ ಫ್ರೆಂಚ್ ಪ್ರವಾಸಿ 1558ರಲ್ಲಿ ಬೇರೊಂದು ಹಕ್ಕಿಯ ಕೊಕ್ಕನ್ನು ವರ್ಣಿಸುವಾಗ ನೀರುಕಾಗೆಯನ್ನು ಕಾಗೆಗಳ ಜೊತೆಗೇ ಎಣಿಸಿದ್ದಾನೆ. ಇವತ್ತಿನ ವರ್ಗೀಕರಣದಲ್ಲಿ ಕಾಗೆ ಇರುವುದು ಗುಬ್ಬಚ್ಚಿ, ಮೈನಾ, ಪಿಕಳಾರಗಳ ದೊಡ್ಡ ಬಳಗದಲ್ಲಿ. ನೀರುಕಾಗೆ ಇರುವುದು ಹಾವಕ್ಕಿಯ ಜೊತೆ, ಕಡಲಿನ ಮೇಲೆ ದಿನಗಟ್ಟಲೆ ಹಾರುವ ಫ್ರಿಗೇಟ್ ಹಕ್ಕಿಯ ಜೊತೆ. ಪಾದ ನೋಡಿದರೆ ಸಾಕು. ಕಾಗೆಯದು ಮುಂದೆ ಮೂರು ಬೆರಳು, ಹಿಂದೆ ಒಂದು, ಕೊಂಬೆ ಹಿಡಿಯುವುದಕ್ಕೆ. ನೀರುಕಾಗೆಯದು ನಾಲ್ಕು ಬೆರಳಿಗೂ ಸೇರಿ ಒಂದೇ ಜಾಲಪೊರೆ. ಬಾತುಕೋಳಿಗೆ ಕೂಡ ಜಾಲಪೊರೆ ಇರುವುದು ಮುಂದಿನ ಮೂರು ಬೆರಳಿಗೆ ಮಾತ್ರ. ಇಂಥ ಪಾದ ಇಟ್ಟುಕೊಂಡು ನೀರುಕಾಗೆ ಮರ ಹತ್ತುತ್ತದೆ, ಕರೆಂಟಿನ ತಂತಿಯ ಮೇಲೂ ಕೂರುತ್ತದೆ. ಜಾಲಗಾಲಿನ ಹಕ್ಕಿಗಳಲ್ಲಿ ಈ ಅಭ್ಯಾಸ ಅಪರೂಪ. ಕಾಗೆಯ ಹೆಸರು ಇದಕ್ಕೆ ಅಂಟುವುದಕ್ಕೆ ತಂತಿಯ ಮೇಲಿನ ಈ ಕೂರುವಿಕೆಯೂ ಒಂದು ಕಾರಣ ಎಂದು ನನಗೆ ಅನ್ನಿಸುತ್ತದೆ. ಕಪ್ಪಗಿದ್ದು ನೀರಿನಲ್ಲೇ ತೇಲುತ್ತಾ ಇದ್ದಿದ್ದರೆ ಬಾತು ಅಂದುಬಿಡುತ್ತಿದ್ದರು.

ಈಗ ಕಾಗೆ ಎಂಬ ಮಾತನ್ನೇ ಹಿಡಿಯೋಣ. ವೇದದ ಶಬ್ದಗಳಿಗೆ ಅರ್ಥ ಹೇಳುವ ಯಾಸ್ಕನ ನಿರುಕ್ತದಲ್ಲಿ ಇದರ ಮೇಲೆ ಒಂದು ಸಣ್ಣ ಜಗಳವೇ ಉಂಟು. ‘ಕಾಕ ಇತಿ ಶಬ್ದಾನುಕೃತಿಃ’ ಎನ್ನುತ್ತಾನೆ ಯಾಸ್ಕ. ಅದು ಕೂಗುವ ಸದ್ದನ್ನೇ ಅದರ ಹೆಸರಾಗಿ ಮಾಡಿದ್ದು, ಹಕ್ಕಿಗಳ ಹೆಸರಿನಲ್ಲಿ ಇದು ಬಹಳ ಉಂಟು ಎಂದು. ಔಪಮನ್ಯವ ಎಂಬ ಇನ್ನೊಬ್ಬ ಪಂಡಿತನಿಗೆ ಇದು ಒಪ್ಪಿಗೆಯಿಲ್ಲ. ಸದ್ದಿನ ಅನುಕರಣೆಯಿಂದ ಹೆಸರು ಹುಟ್ಟುವುದೇ ಇಲ್ಲ, ಓಡಿಸಬೇಕಾದದ್ದು ಯಾವುದೋ ಅದು ಕಾಕ ಎಂದು ಅವನ ವಾದ. ನಮ್ಮ ಹಿತ್ತಿಲಲ್ಲಿ ಹಪ್ಪಳ ಒಣಗಿಸುವ ಅಮ್ಮಂದಿರೆಲ್ಲ ಔಪಮನ್ಯವನ ಪಕ್ಷ. ಆದರೆ ಗೆದ್ದದ್ದು ಯಾಸ್ಕನೇ. ಕಾಗೆ, ಕಕ್ಕೆ, ಕಾಕ್ಕ, ಕಾವಳಾ ಎಲ್ಲದರಲ್ಲೂ ಆ ‘ಕಾ’ ಕೇಳುತ್ತದೆ. ಲ್ಯಾಟಿನ್ನಿನ ಕೊರ್ವುಸ್, ಗ್ರೀಕಿನ ಕೊರಾಕ್ಸ್ ಕೂಡ ಕಾಗೆಬಳಗದ ಕೂಗಿನಿಂದಲೇ ಬಂದವು.

ನೀರುಕಾಗೆ ಮಾತ್ರ ಕೂಗುವುದೇ ಇಲ್ಲ. ಗೂಡಿನ ಹತ್ತಿರ ಏನೋ ಗೊರಗೊರ ಮಾಡುವುದು ಬಿಟ್ಟರೆ ಕೆರೆಯಲ್ಲಿ ಅದರ ದನಿ ನಿಮಗೆ ಕೇಳುವುದಿಲ್ಲ. ಕೂಗಿನಿಂದ ಹುಟ್ಟಿದ ಹೆಸರು ಒಂದು ಮೂಗ ಹಕ್ಕಿಯ ಮೇಲೆ ಹೋಗಿ ಕೂತಿದೆ. ಹಾಗಾದರೆ ನಡುವೆ ಏನೋ ಆಗಿದೆ ಎಂದರ್ಥ. ಸದ್ದಾಗಿ ಹುಟ್ಟಿದ ‘ಕಾಗೆ’ ದಿನ ಕಳೆದಂತೆ ಬಣ್ಣವೂ ಆಯಿತು. ಕಾಗೆ ಎಂದ ತಕ್ಷಣ ನಿಮ್ಮ ಮನಸ್ಸಿಗೆ ಮೊದಲು ಬರುವುದು ಕಪ್ಪು, ಆಮೇಲೆ ಕೂಗು. ಮಲಯಾಳದಲ್ಲಿ ಬೂದು ಕಾಜಾಣಕ್ಕೆ ಕಾಕ್ಕತ್ತಂಬುರಾಟ್ಟಿ ಎನ್ನುತ್ತಾರೆ, ಕಾಗೆಗಳ ರಾಣಿ. ಇಂಗ್ಲಿಷರೂ ಕರಿಯ ಕಾಜಾಣವನ್ನು ಕಿಂಗ್ ಕ್ರೋ ಎಂದು ಕರೆದರು. ಕಾಜಾಣಕ್ಕೂ ಕಾಗೆಗೂ ಇರುವ ಸಂಬಂಧ, ಕಾಗೆ ಕಂಡರೆ ಕಾಜಾಣ ಅಟ್ಟಿಸಿಕೊಂಡು ಹೋಗುತ್ತದೆ ಎಂಬುದು ಮತ್ತು ಎರಡೂ ಒಂದೇ ಬಣ್ಣದ ಸೀರೆ ಉಟ್ಟಿವೆ ಎಂಬುದು.

ಇಷ್ಟಕ್ಕೇ ನಿಲ್ಲಿಸಿದರೆ ಚೆನ್ನಾಗಿತ್ತು, ಲೆಕ್ಕ ಸರಿಯಾಗಿತ್ತು: ಕಪ್ಪು ಇದ್ದರೆ ಕಾಗೆ. ಆದರೆ ಕಾಂಞಂಗಾಡಿನ ಕಡೆಯ ಕಡಲ ಕರೆಗೆ ಹೋಗಿ ಕೇಳಿ. ಚಳಿಗಾಲದಲ್ಲಿ ದೂರದ ದೇಶದಿಂದ ಬಂದು ದೋಣಿಗಳ ಸುತ್ತ ಕಿರುಚುತ್ತಾ ಹಾರುವ ಹಕ್ಕಿಗಳಿವೆಯಲ್ಲ, ಇಂಗ್ಲಿಷಿನವರ ಗಲ್, ಅದಕ್ಕೆ ಮಲಯಾಳದಲ್ಲಿ ಏನು ಹೆಸರು ಗೊತ್ತೇ? ಕಡಲ್‌ಕಾಕ್ಕ. ಕಡಲಕಾಗೆ. ಅದೋ ಹೊಟ್ಟೆಯಿಡೀ ಬಿಳಿ, ಬೆನ್ನು ಬೂದಿ. ಕಪ್ಪೆಂದು ಹೇಳಬೇಕಿದ್ದರೆ ರೆಕ್ಕೆಯ ತುದಿಯಲ್ಲಿ ಸ್ವಲ್ಪ. ಹಾಗಿದ್ದೂ ಕಾಗೆ ಆಯಿತು. ಯಾಕೆಂದರೆ ಅದರ ನಡತೆ ಕಾಗೆಯದು. ಗುಂಪು ಕಟ್ಟುತ್ತದೆ, ಗಲಾಟೆ ಮಾಡುತ್ತದೆ, ಮನುಷ್ಯ ಎಸೆದದ್ದನ್ನು ಹೆಕ್ಕುತ್ತದೆ, ಬಲೆಯಿಂದ ಜಾರಿದ್ದನ್ನು ಕಸಿಯುತ್ತದೆ, ಓಡಿಸಿದರೆ ಒಂದು ಸುತ್ತು ಹಾರಿ ಮತ್ತೆ ಬರುತ್ತದೆ. ಔಪಮನ್ಯವ ಪೂರ್ತಿ ಸೋತಿಲ್ಲ ನೋಡಿ! ಕಪ್ಪಿನಿಂದ ಒಂದು ಕಾಗೆ, ನಡತೆಯಿಂದ ಇನ್ನೊಂದು ಕಾಗೆ. ನೀರುಕಾಗೆ ಮೊದಲನೆಯ ಬಗೆಯದು, ಕಡಲ್‌ಕಾಕ್ಕ ಎರಡನೆಯ ಬಗೆಯದು. ಜನರ ಕಣ್ಣಿಗೆ ಬಣ್ಣವೂ ಗುಣವೂ ಎರಡೂ ಕಾಣುತ್ತವೆ, ಆದರೆ ಎಲ್ಲ ಹಕ್ಕಿಯಲ್ಲೂ ಒಂದೇ ಕ್ರಮದಲ್ಲಿ ಅಲ್ಲ.

ಕಾಗೆಯ ವಿಷಯ ಬಂದಾಗ ಸ್ನಾನದ ವಿಷಯವೂ ಬರಬೇಕು. ತಲೆಗೆ ಎರಡು ತಂಬಿಗೆ ಹೊಯ್ದು ಓಡಿ ಬಂದರೆ ನಮ್ಮಲ್ಲಿ ಕಾಗೆ ಸ್ನಾನ ಎಂದು ಗದರುತ್ತಾರೆ. ಮಲಯಾಳದಲ್ಲೂ ಕಾಕ್ಕಕ್ಕುಳಿ ಎಂಬ ಮಾತು ಉಂಟು. ಅವರದೇ ಒಂದು ಗಾದೆ: ‘ಕಾಕ್ಕ ಕುಳಿಚ್ಚಾಲ್ ಕೊಕ್ಕಾಗುಮೋ?’ ಕಾಗೆ ಮಿಂದರೆ ಬೆಳ್ಳಕ್ಕಿಯಾದೀತೇ? ನನಗೆ ಆ ಗಾದೆ ಕೇಳಿದಾಗೆಲ್ಲ ನೆನಪಾಗುವುದು ನಮ್ಮ ನೀರುಕಾಗೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಮೀಯುವುದೇ ಅದರ ಕೆಲಸ, ಬೆಳ್ಳಕ್ಕಿಗಳ ಮಧ್ಯೆಯೇ ಅದರ ವಾಸ, ಬಣ್ಣ ಮಾತ್ರ ಹಾಗೇ ಇದೆ. ಮಳೆಗಾಲದಲ್ಲಿ ರಸ್ತೆ ಬದಿಯ ದೊಡ್ಡ ಮರಗಳಲ್ಲಿ ಬಕಗಳ, ಬೆಳ್ಳಕ್ಕಿಗಳ ಗೂಡಿನ ಪಕ್ಕಕ್ಕೇ ಇದರ ಗೂಡು. ಕೆಳಗೆ ಬಸ್ಸಿಗೆ ಕಾಯುವವರಿಗೆ ಮಳೆ ನಿಂತ ಮೇಲೂ ಕೊಡೆ ಮಡಚಲು ಧೈರ್ಯ ಬಾರದು.

ಇಷ್ಟು ಮುಳುಗಿದರೂ ಅದರ ಗರಿ ಒದ್ದೆಯಾಗಬಾರದಿತ್ತಲ್ಲ, ಬಾತಿನ ಗರಿ ಒದ್ದೆಯಾಗುವುದಿಲ್ಲವಲ್ಲ ಎಂದು ಮಕ್ಕಳು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ನೀರುಕಾಗೆಯ ಗರಿಯ ಹೊರಭಾಗ ನೀರು ಕುಡಿಯುವಂಥದ್ದೇ. ಗರಿಯೊಳಗೆ ಗಾಳಿ ತುಂಬಿಕೊಂಡಿದ್ದರೆ ನೀರು ಅದನ್ನು ಮೇಲಕ್ಕೆ ತಳ್ಳುತ್ತದೆ, ಮೀನಿನ ಬೆನ್ನು ಹತ್ತಲು ಆಗುವುದಿಲ್ಲ. ಗರಿ ಒದ್ದೆಯಾದರೆ ಮುಳುಗುವುದು ಸುಲಭ. ಅದರ ಸಾಲ ತೀರಿಸುವುದು ಆಮೇಲೆ, ಗೂಟದ ಮೇಲೆ ರೆಕ್ಕೆ ಬಿಡಿಸಿ ಕೂತು. ಶ್ರೀಲಂಕಾದಲ್ಲಿ ಸಣ್ಣ ನೀರುಕಾಗೆಗಳನ್ನು ಗಮನಿಸಿದವರು, ನೀರೊಳಗೆ ಎಷ್ಟು ಹೆಚ್ಚು ಹೊತ್ತು ಕಳೆಯಿತೋ ಅಷ್ಟು ಹೆಚ್ಚು ಹೊತ್ತು ರೆಕ್ಕೆ ಬಿಡಿಸಿ ಕೂರುತ್ತದೆ, ಗಾಳಿ ಬಿಸಿಯಾಗಿ ಒಣಗಿದ್ದರೆ ಬೇಗ ಮಡಚುತ್ತದೆ ಎಂದು ಕಂಡುಕೊಂಡರು. ಒಗೆದ ಬಟ್ಟೆಯ ಲೆಕ್ಕವೇ.

ಇನ್ನು ಹೆಸರಿನ ಮೊದಲರ್ಧಕ್ಕೆ ಬರುತ್ತೇನೆ. ಎಲ್ಲರೂ ಕಾಗೆ ಎಂದರು ಎಂದೆ. ಆದರೆ ಎಲ್ಲರೂ ನೀರು ಎನ್ನಲಿಲ್ಲ, ಗಮನಿಸಿದಿರಾ? ಲ್ಯಾಟಿನ್, ಪೋರ್ಚುಗೀಸ್, ಬ್ರೆಟನ್, ಜರ್ಮನ್, ಎಲ್ಲರದೂ ಕಡಲು. ನಮ್ಮದು, ತಮಿಳರದು, ಮರಾಠಿಯವರದು, ಬಂಗಾಳಿಯವರದು, ಚೀನಾದವರದು ನೀರು. ನಮಗೆ ಕಡಲು ಇಲ್ಲದ್ದಲ್ಲ. ಈ ಕೋಣೆಯಿಂದ ಹೊರಗೆ ಹೋಗಿ ಪಡುವಣಕ್ಕೆ ಸ್ವಲ್ಪ ನಡೆದರೆ ಕಡಲೇ. ಅಷ್ಟಾಗಿಯೂ ನಾವು ಇದನ್ನು ಕಡಲಕಾಗೆ ಎನ್ನಲಿಲ್ಲ, ಆ ಹೆಸರನ್ನು ಬೇರೆ ಹಕ್ಕಿಗೆ ಕೊಟ್ಟೆವು. ಯಾಕೆಂದರೆ ನಮ್ಮ ಸಣ್ಣ ನೀರುಕಾಗೆ ಸಿಹಿನೀರಿನ ಹಕ್ಕಿ. ಕೆರೆ, ಪಳ್ಳ, ಬೈಲಿನ ತೋಡು, ಕಟ್ಟ ಕಟ್ಟಿ ನಿಲ್ಲಿಸಿದ ನೀರು, ಹೆಚ್ಚೆಂದರೆ ಚಂದ್ರಗಿರಿಯಂಥ ಹೊಳೆಯ ಅಳಿವೆ, ಕಾಂಡ್ಲ ಬೆಳೆದ ಹಿನ್ನೀರು. ಅಲೆಯಾಚೆ ಅದಕ್ಕೆ ಕೆಲಸವಿಲ್ಲ. ಯುರೋಪಿನ ಪಶ್ಚಿಮ ತೀರದವರು ನೋಡಿದ್ದು ದೊಡ್ಡ ನೀರುಕಾಗೆಯನ್ನು, ಅದೂ ಕಡಲ ಬಂಡೆಗಳ ಮೇಲೆ. ಅವರವರ ಹೆಸರು ಅವರವರ ನೆಲಕ್ಕೆ ಸತ್ಯ. ಹೆಸರಿನ ‘ಕಾಗೆ’ ಎಂಬ ಅರ್ಧ ಮನುಷ್ಯನ ಕಣ್ಣು ಹೇಗೆ ಕೆಲಸ ಮಾಡುತ್ತದೆ ಎಂದು ಹೇಳುತ್ತದೆ. ಇನ್ನರ್ಧ, ಹೆಸರಿಟ್ಟವನು ಯಾವ ನೀರಿನ ಬದಿಯಲ್ಲಿ ನಿಂತಿದ್ದ ಎಂದು ಹೇಳುತ್ತದೆ. ನಮ್ಮ ಜಿಲ್ಲೆಯ ಹಕ್ಕಿಯಾಗಿ ಆರಿಸಿದ ಬಿಳಿ ಹೊಟ್ಟೆಯ ಕಡಲ ಹದ್ದು ಉಂಟಲ್ಲ, ಅದಕ್ಕೆ ಕಡಲು ಎಂಬ ವಿಶೇಷಣ ಸುಮ್ಮನೆ ಬಂದದ್ದಲ್ಲ. ಅದು ಗೂಡು ಕಟ್ಟುವುದು ತೀರದ ಎತ್ತರದ ಮರದಲ್ಲಿ, ಬೇಟೆಯಾಡುವುದು ಕಡಲಲ್ಲಿ.

ನೀರು ಎಂಬ ಮುಂಗಟ್ಟು ಹಾಕಿ ಹೆಸರು ಮಾಡುವುದು ನಮ್ಮಲ್ಲಿ ಹಳೆಯ ಪದ್ಧತಿ. ನೀರುನಾಯಿ, ನೀರುಹಾವು, ನೀರುಕೋಳಿ. ನೆಲದ ಮೇಲೆ ಗೊತ್ತಿರುವ ಪ್ರಾಣಿಗೆ ನೀರಿನಲ್ಲಿ ಒಬ್ಬ ಜೊತೆಗಾರನನ್ನು ಹುಡುಕುವುದು. ಕೆಲವೇ ಮೂಲ ಹೆಸರು ಇಟ್ಟುಕೊಂಡು ನೂರಾರು ಹಕ್ಕಿಗೆ ಹಂಚುವ ಜಾಣತನ ಇದು. ಮಲಯಾಳದಲ್ಲಿ ಕೋಳಿ ಎಂಬುದು ಅಂಥ ಮೂಲ ಹೆಸರು: ಕುಳಕ್ಕೋಳಿ, ನೀಲಕ್ಕೋಳಿ, ತಾಮರಕ್ಕೋಳಿ. ಒಂದಕ್ಕೂ ಕೋಳಿಯ ರಕ್ತಸಂಬಂಧ ಇಲ್ಲ.

ನಮ್ಮ ನೀರುಕಾಗೆಯ ನಿಜವಾದ ದಾಯಾದಿ ಹಾವಕ್ಕಿಗೆ ಏನಾಯಿತು ನೋಡಿ. ಅದು ಮೈಯೆಲ್ಲ ಮುಳುಗಿಸಿ ಕುತ್ತಿಗೆ ಮಾತ್ರ ಮೇಲಿಟ್ಟು ಈಜುತ್ತದೆ, ದೂರದಿಂದ ನೋಡಿದರೆ ಹಾವೇ. ಕನ್ನಡದವರು ಹಾವಕ್ಕಿ ಎಂದರು. ತಮಿಳರು 'ಪಾಂಬುತ್ತಾರಾ' ಎಂದರು, ಹಾವುಬಾತು. ಮಲಯಾಳದವರು 'ಚೇರಕ್ಕೋಳಿ' ಎಂದರು. ಮೂವರಿಗೂ ಹಾವು ಕಂಡಿತು, ಹಕ್ಕಿ ಮಾತ್ರ ಒಬ್ಬರಿಗೆ ಬರೀ ಹಕ್ಕಿ, ಇನ್ನೊಬ್ಬರಿಗೆ ಬಾತು, ಮತ್ತೊಬ್ಬರಿಗೆ ಕೋಳಿ. ಇದರಲ್ಲಿ ಮಲಯಾಳದ್ದು ಹೆಚ್ಚು ಸೂಕ್ಷ್ಮ, ಯಾವುದೋ ಹಾವು ಅನ್ನಲಿಲ್ಲ, ಚೇರ ಎಂದು ಜಾತಿಯನ್ನೇ ಹೇಳಿದರು. ಚೇರ ಎಂದರೆ ನಮ್ಮ ಕೇರೆಹಾವು. ಎರಡೂ ಒಂದೇ ಶಬ್ದ. ಇ, ಎ ಸ್ವರ ಸೇರಿದ ನಮ್ಮ ಕಕಾರ ಅಲ್ಲಿಗೆ ಹೋಗುವಾಗ ಹೆಚ್ಚಾಗಿ ಚಕಾರ ಆಗುತ್ತದೆ: ಕಿವಿ–ಚೆವಿ, ಕೇರೆ–ಚೇರ, ಕೆರೆ–ಚಿರ. ನಿಮಗೆ ಇದನ್ನು ವಿವರಿಸಬೇಕಾಗಿಲ್ಲ, ಬೆಳಿಗ್ಗೆ ಒಂದು ಭಾಷೆ ಮಧ್ಯಾಹ್ನ ಇನ್ನೊಂದು ಆಡುವವರು ನೀವು. ಘಟ್ಟದ ಮೇಲೆ ಇದನ್ನು ಹೇಳಲು ಕಪ್ಪುಹಲಗೆ ಬೇಕಾಗುತ್ತದೆ.

ಇಲ್ಲಿಯವರೆಗೆ ಹೇಳಿದ ಹೆಸರುಗಳೆಲ್ಲ ನೋಟದವು. ಸಂಸ್ಕೃತದಲ್ಲಿ ಜಲಕಾಕ ಅಲ್ಲದೆ ಇನ್ನೊಂದು ಹೆಸರು ಉಂಟು, ಅದು ಕೆಲಸದ ಹೆಸರು: ಮದ್ಗು. ಮುಳುಗುವುದು ಎಂಬ ಅರ್ಥದ ಧಾತುವಿನಿಂದ ಬಂದದ್ದು, ಮಜ್ಜನ ಎಂಬ ನಮ್ಮ ಮಾತೂ ಅದೇ ಬೇರಿನದು. ಮದ್ಗು ಎಂದರೆ ಮುಳುಗುಹಕ್ಕಿ. ನೀರುಕಾಗೆಯೇ ಎಂದು ಹಲವರು ಅರ್ಥ ಮಾಡಿದ್ದಾರೆ. ಈ ಹಕ್ಕಿಗೆ ಸಿಕ್ಕಿದ ಮರ್ಯಾದೆ ಸಣ್ಣದಲ್ಲ. ಛಾಂದೋಗ್ಯ ಉಪನಿಷತ್ತಿನ ಸತ್ಯಕಾಮ ಜಾಬಾಲನ ಕತೆ ನಿಮಗೆ ಗೊತ್ತು, ತಂದೆಯ ಗೋತ್ರ ಗೊತ್ತಿಲ್ಲವೆಂದು ಸತ್ಯ ಹೇಳಿದ ಹುಡುಗ. ಗುರು ಅವನನ್ನು ದನ ಕಾಯಲು ಕಳಿಸುತ್ತಾನೆ. ಕಾಡಿನಲ್ಲಿ ಅವನಿಗೆ ಬ್ರಹ್ಮದ ನಾಲ್ಕು ಪಾದಗಳನ್ನು ಹೇಳಿಕೊಡುವವರು ನಾಲ್ವರು: ಒಂದು ಎತ್ತು, ಆಮೇಲೆ ಅಗ್ನಿ, ಆಮೇಲೆ ಹಂಸ, ಕೊನೆಗೆ ಮದ್ಗು. ಹಂಸ ಪಾಠ ಮಾಡಿದರೆ ಯಾರಿಗೂ ಆಶ್ಚರ್ಯವಿಲ್ಲ, ಅದಕ್ಕೆ ಆ ಅಭ್ಯಾಸ ಉಂಟು. ಆದರೆ ಹಂಸ ಹೇಳಿ ಮುಗಿಸಿದ ಮೇಲೆ ಉಳಿದದ್ದನ್ನು ಹೇಳಲು ಬಂದದ್ದು ಕೆರೆಯಲ್ಲಿ ಮೀನು ಹಿಡಿಯುವ ಹಕ್ಕಿ. ಪ್ರಾಣ, ಕಣ್ಣು, ಕಿವಿ, ಮನಸ್ಸು, ಇವು ನಾಲ್ಕೂ ಬ್ರಹ್ಮದ ಒಂದು ಪಾದದ ಕಲೆಗಳು, ಎಂದರೆ ಅಂಶಗಳು, ಎಂದು ಅದು ಹೇಳಿತು.

ಅದೇ ಮದ್ಗುವನ್ನು ಮನುಸ್ಮೃತಿಯಲ್ಲಿ ನೋಡಿದರೆ ಬೇರೆಯೇ ಕತೆ. ಹನ್ನೆರಡನೆಯ ಅಧ್ಯಾಯದಲ್ಲಿ ಏನು ಕದ್ದವನು ಮುಂದಿನ ಜನ್ಮದಲ್ಲಿ ಏನಾಗುತ್ತಾನೆ ಎಂಬ ಪಟ್ಟಿ ಉಂಟು. ಮಾಂಸ ಕದ್ದರೆ ಹದ್ದು, ಕೊಬ್ಬು ಕದ್ದರೆ ಮದ್ಗು, ಮೊಸರು ಕದ್ದರೆ ಬಲಾಕ. ಬಲಾಕ ಎಂದರೆ ಬೆಳ್ಳಕ್ಕಿಯಂಥದು. ಮೊಸರು ಬಿಳಿ, ಹಕ್ಕಿಯೂ ಬಿಳಿ, ಶಿಕ್ಷೆ ಕೊಡುವಾಗಲೂ ಬಣ್ಣ ಹೊಂದಿಸಿದ್ದಾರೆ! ಒಂದು ಕಡೆ ಗುರು, ಇನ್ನೊಂದು ಕಡೆ ಕಳ್ಳನ ಮರುಜನ್ಮ.

ಕಳ್ಳತನದ, ಹೊಟ್ಟೆಬಾಕತನದ ಆರೋಪ ಈ ಹಕ್ಕಿಯನ್ನು ಎಲ್ಲ ಕಡೆ ಹಿಂಬಾಲಿಸಿದೆ. ಇಂಗ್ಲಿಷಿನಲ್ಲಿ ದುರಾಸೆಯವನಿಗೆ ಕಾರ್ಮೊರಂಟ್ ಎಂದೇ ಹೇಳುತ್ತಿದ್ದರು. ಮಿಲ್ಟನ್ನನ ಮಹಾಕಾವ್ಯದಲ್ಲಿ ಸೈತಾನ ಸ್ವರ್ಗದ ತೋಟಕ್ಕೆ ನುಗ್ಗಿ ಜೀವವೃಕ್ಷದ ಮೇಲೆ ಕೂತದ್ದು ನೀರುಕಾಗೆಯ ಹಾಗೆ. ಇನ್ನೊಂದು ಕಡೆ ಜಪಾನಿನವರೂ ಚೀನಾದವರೂ ಅದೇ ಹೊಟ್ಟೆಬಾಕತನವನ್ನು ಕೆಲಸಕ್ಕೆ ಹಚ್ಚಿದರು. ಹಕ್ಕಿಯ ಕುತ್ತಿಗೆಗೆ ದಾರ ಕಟ್ಟಿ ನೀರಿಗೆ ಬಿಡುವುದು, ದೊಡ್ಡ ಮೀನು ಗಂಟಲಿಂದ ಇಳಿಯದೆ ನಿಂತಾಗ ದೋಣಿಗೆ ಎಳೆದು ಕಕ್ಕಿಸುವುದು. ಜಪಾನಿನ ಗಿಫು ಊರಿನ ನಾಗರಾ ಹೊಳೆಯಲ್ಲಿ ಈಗಲೂ ರಾತ್ರಿ ಪಂಜು ಹಚ್ಚಿ ಇದನ್ನು ಮಾಡುತ್ತಾರೆ. ನಮ್ಮಲ್ಲಿ ಮೀನು ಸಾಕುವವರು ಕೊಳದ ಮೇಲೆ ಬಲೆ ಹಾಸುತ್ತಾರೆ, ತಗಡು ಬಡಿಯುತ್ತಾರೆ. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ತಾನಾಗಿ ತುಂಬಿದ ಪಳ್ಳದಲ್ಲಿ, ಹೊಳೆಯಲ್ಲಿ ಸಣ್ಣ ನೀರುಕಾಗೆ ತಿನ್ನುವುದು ಹೆಚ್ಚಾಗಿ ನಮ್ಮ ಮಾರ್ಕೆಟಿಗೆ ಬಾರದ ಸಣ್ಣಪುಟ್ಟ ಮೀನು. ಅಲ್ಲಿಯೂ ಕಲ್ಲು ಹೊಡೆಯುವವರಿಗೆ ಕಾರಣ ಬೇಕಾಗಿಲ್ಲ, ಹೆಸರಿನಲ್ಲಿ ಕಾಗೆ ಇದ್ದರೆ ಸಾಕು.

ಕೊನೆಯದಾಗಿ, ನೋಡಲು ಹೋಗುವವರಿಗೆ ಉಪಯೋಗದ ಮಾತು. ನೀರುಕಾಗೆ ಎಂಬ ಒಂದು ಹೆಸರಿನ ಕೆಳಗೆ ನಮ್ಮ ದೇಶದ ಈ ಭಾಗದಲ್ಲಿ ಮೂರು ಜಾತಿ ಉಂಟು. ಸಣ್ಣದು ಸುಮಾರು 50 ಸೆಂಟಿಮೀಟರ್, ಕಾಗೆಗಿಂತ ಸ್ವಲ್ಪ ದೊಡ್ಡದು, ಮೋಟು ಕೊಕ್ಕು. ನಡುವಿನದು 63 ಸೆಂಟಿಮೀಟರ್ ಆಸುಪಾಸು, ಕೊಕ್ಕು ಉದ್ದ ಮತ್ತು ತೆಳು, ಕಣ್ಣು ಹಸಿರು ಬೆರೆತ ನೀಲಿ. ಬೈನಾಕ್ಯುಲರಿನಲ್ಲಿ ಆ ಕಣ್ಣು ಒಮ್ಮೆ ನೋಡಿದವರು ಮರೆಯುವುದಿಲ್ಲ. ದೊಡ್ಡದು 80 ಸೆಂಟಿಮೀಟರಿಗಿಂತ ಮೇಲೆ, ಗಲ್ಲದ ಹತ್ತಿರ ಬಿಳಿ. ಅದು ಈ ಕಡೆ ಅಷ್ಟು ಸುಲಭಕ್ಕೆ ಸಿಕ್ಕುವುದಲ್ಲ. ನಡುವಿನದಕ್ಕೆ ಇಂಗ್ಲಿಷರು ಸುಮ್ಮನೆ ಇಂಡಿಯನ್ ಎಂದು ಹೇಳಿ ಕೈತೊಳೆದುಕೊಂಡರು. ಕನ್ನಡದಲ್ಲಿ ನಾವೂ ಭಾರತೀಯ ಎಂದು ಅದನ್ನೇ ಹೇಳಹೊರಟಿದ್ದೇವೆ. ಮಲಯಾಳದ ಪುಸ್ತಕಗಳಲ್ಲಿ ಅದು ಕಿನ್ನರಿ ನೀರ್‌ಕಾಕ್ಕ. ಮರಿ ಮಾಡುವ ಕಾಲದಲ್ಲಿ ಅದರ ಕಿವಿಯ ಹಿಂದೆ ಬಿಳಿಯ ಒಂದು ಕುಚ್ಚು ಬರುತ್ತದೆ, ಅದನ್ನು ನೋಡಿ ಇಟ್ಟ ಹೆಸರಿರಬೇಕು, ಮಲಯಾಳದಲ್ಲಿ ಕಿನ್ನರಿ ಎಂದರೆ ಅಲಂಕಾರದ ಜರಿಯಂಚು. ನಾವು ಅದನ್ನು ‘ಕುಚ್ಚಿನ ನೀರುಕಾಗೆ’ ಎಂದರೆ ಯಾರೂ ಜಗಳಕ್ಕೆ ಬರಲಾರರು. ಹಕ್ಕಿಗೆ ಪಾಸ್‌ಪೋರ್ಟ್ ಕೊಡುವುದಕ್ಕಿಂತ ಅದರ ಕಿವಿ ನೋಡುವುದು ಒಳ್ಳೆಯದು.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಒಂದನ್ನು ಇಲ್ಲಿ ಸೇರಿಸಬೇಕು. ಹಿರಿಯರೊಬ್ಬರು ಎದ್ದು ಕೇಳಿದರು: “ಅಮಾವಾಸ್ಯೆಗೆ ತ್ರಿಕ್ಕಣ್ಣಾಡಿನ ಕಡಲ ಕರೆಯಲ್ಲಿ ಬಲಿ ಇಡುತ್ತೇವೆ. ಎಷ್ಟು ಚಪ್ಪಾಳೆ ತಟ್ಟಿದರೂ ಒಮ್ಮೊಮ್ಮೆ ಕಾಗೆ ಬರುವುದಿಲ್ಲ. ಆಗ ನಿಮ್ಮ ನೀರುಕಾಗೆ ಮುಟ್ಟಿದರೆ ನಡೆಯುತ್ತದೋ, ಮಾಷ್ಟ್ರೇ?”

ಶಾಸ್ತ್ರದ ಮಟ್ಟಿಗೆ ಹೇಳಲು ನಾನು ಅಧಿಕಾರಿಯಲ್ಲ. ಆದರೆ ಹಕ್ಕಿಯ ಮಟ್ಟಿಗೆ ಹೇಳಬಲ್ಲೆ: ಅದು ಅನ್ನ ತಿನ್ನುವುದಿಲ್ಲ. ಮೀನಿನ ಪಿಂಡ ಇಟ್ಟು ನೀರಿಗೇ ಬಿಡುವ ಪದ್ಧತಿ ಯಾರಾದರೂ ಶುರು ಮಾಡಿದರೆ ಆಗ ನೋಡೋಣ.